14 ವರ್ಷ ಕೆಲಸ ಮಾಡಿದ ಮೇಲೆ ಎಂಬಿಎ ಹುಡುಕಾಟ

ಗೋದಾಮಿನಲ್ಲಿ ಕೆಲಸ ಶುರು ಮಾಡಿ 14 ವರ್ಷ ಆಯಿತು. ಈಗ 40 ಜನರ ತಂಡ ನೋಡಿಕೊಳ್ಳುತ್ತೇನೆ. ಆದರೆ ಬ್ಯಾಲೆನ್ಸ್ ಶೀಟ್ ಎದುರಿಗಿಟ್ಟರೆ ಇವತ್ತಿಗೂ ತಡವರಿಸುತ್ತೇನೆ. ಅದಕ್ಕೇ ಎಂಬಿಎ ಮಾಡಲೇಬೇಕು ಅನ್ನಿಸಿತು.

ಮೊದಲು ನೋಡಿದ್ದು ಎಕ್ಸಿಕ್ಯೂಟಿವ್ ಎಂಬಿಎ. ಅನುಭವ ಇರುವವರಿಗೆಂದೇ ಮಾಡಿದ ಕೋರ್ಸ್, ಆದರೆ ಫೀಸು ತುಂಬಾ ಜಾಸ್ತಿ. ಕಂಪನಿ ಕೊಡುವುದಿಲ್ಲ. ಹಾಗಾಗಿ ಪಾರ್ಟ್‌ಟೈಮ್ ಆನ್‌ಲೈನ್ ಕೋರ್ಸ್‌ಗಳ ಕಡೆ ತಿರುಗಿದೆ. ಕೆಲಸ ಬಿಟ್ಟು ಓದಿದರೆ ಕೈತಪ್ಪುವ ಎರಡು ವರ್ಷದ ಸಂಬಳವೂ ಖರ್ಚೇ ಅಲ್ವಾ?

ಅಗ್ಗ ಅಂತ ಸುಮ್ನೆ ಸೇರಲು ಮನಸ್ಸು ಒಪ್ಪಲಿಲ್ಲ. ಬಿಸಿನೆಸ್ ಶಿಕ್ಷಣದ ಗುಣಮಟ್ಟ ನೋಡಿ ಕೊಡುವ ಎಎಸಿಎಸ್‌ಬಿ, ಆಂಬಾ, ಈಕ್ವಿಸ್ ಅನ್ನೋ ಅಂತರರಾಷ್ಟ್ರೀಯ ಮಾನ್ಯತೆಗಳಲ್ಲಿ ಒಂದಾದರೂ ಇದೆಯಾ ಅಂತ, ಮಾನ್ಯತೆ ಕೊಡುವ ಸಂಸ್ಥೆಗಳ ಪಟ್ಟಿಯಲ್ಲೇ ಹುಡುಕಿದೆ. ಇದರಲ್ಲಿ ಎಎಸಿಎಸ್‌ಬಿ ತುಂಬಾ ಹಳೆಯದು, 1916ರದು. ಆಂಬಾ ನೋಡುವುದು ಎಂಬಿಎಯಂಥ ಕೋರ್ಸ್‌ಗಳನ್ನು, ಉಳಿದೆರಡು ಇಡೀ ಬಿಸಿನೆಸ್ ಸ್ಕೂಲನ್ನು.

ಒಂದು ಕಡೆ ಫೀಸು ಕಮ್ಮಿ ಕಂಡು ಖುಷಿಯಾಗಿದ್ದೆ. ಆಮೇಲೆ ಪರೀಕ್ಷಾ ಶುಲ್ಕ, ಪುಸ್ತಕ, ಕ್ಯಾಂಪಸ್ಸಿನಲ್ಲಿ ಕಡ್ಡಾಯವಾಗಿ ಕಳೆಯಬೇಕಾದ ಒಂದು ವಾರದ ಖರ್ಚು ಕೂಡಿಸಿದರೆ ಮೂರನೇ ಒಂದು ಭಾಗ ಜಾಸ್ತಿಯಾಯಿತು! ತುಂಬಾ ಬೇಜಾರಾಯಿತು. ಅಂದಿನಿಂದ ಒಟ್ಟು ಖರ್ಚನ್ನು ಬರಹದಲ್ಲೇ ಕೇಳುತ್ತೇನೆ.

ಈಗ ಒಂದನ್ನು ಆರಿಸಿದ್ದೇನೆ. ನನ್ನ ಅನುಭವ ನೋಡಿ ಜಿಮ್ಯಾಟ್ ಪ್ರವೇಶ ಪರೀಕ್ಷೆ ಬೇಡ ಅಂದಿದ್ದಾರೆ. ಮೊದಲ ಸೆಮಿಸ್ಟರ್‌ನಲ್ಲೇ ಅಕೌಂಟಿಂಗ್ ಇದೆ.