ಸ್ಕ್ಯಾನ್ ನಾರ್ಮಲ್ ಬಂದ ಮೇಲೆ

ತಲೆಗೆ ಪೆಟ್ಟು ಬಿದ್ದು, ಸ್ಕ್ಯಾನ್ ನಾರ್ಮಲ್ ಅಂತ ಡಾಕ್ಟರ್ ಹೇಳಿಬಿಟ್ಟ ಮೇಲೆ, ಇಲ್ಲ, ನನ್ನ ತಲೆ ಇನ್ನೂ ಸರಿ ಹೋಗಿಲ್ಲ ಅಂತ ಮನೆಯವರಿಗೆ ಅರ್ಥ ಮಾಡಿಸುವುದು ಬಹಳ ಕಷ್ಟ. ಹೊಲಿಗೆ ಇಲ್ಲ, ಬ್ಯಾಂಡೇಜ್ ಇಲ್ಲ. ನೋಡುವವರ ಕಣ್ಣಿಗೆ ನಾವು ಮೊದಲಿನ ಹಾಗೇ ಇರುತ್ತೇವೆ. ಆದರೆ ಕುಕ್ಕರ್ ಕೂಗಿದರೆ ಅಳು ಬರುತ್ತದೆ. ಮಗ್ಗುಲು ಬದಲಿಸಿದರೆ ಇಡೀ ರೂಮು ತಿರುಗುತ್ತದೆ. ಪೇಪರ್ ಕೈಗೆತ್ತಿಕೊಂಡರೆ ಎರಡು ಪ್ಯಾರಾ ಓದುವಷ್ಟರಲ್ಲಿ ಹಣೆ ಸಿಡಿಯುತ್ತದೆ. ಇದೇ ಪಾಡಿನಲ್ಲಿ ಇರುವ ಯಾರಿಗಾದರೂ ಉಪಯೋಗವಾಗಲಿ ಅಂತ ನನಗೆ ಆದದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಹಳೆಯ ಮನೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿದೆ. ಆಷಾಢದ ಮಳೆಗೆ ಅದರ ಸುತ್ತ ಪಾಚಿ ಕಟ್ಟಿತ್ತು. ಬಕೆಟ್ ಎತ್ತಿಕೊಂಡು ತಿರುಗಿದಾಗ ಕಾಲು ಜಾರಿ ಹಿಂದಕ್ಕೆ ಬಿದ್ದೆ. ತಲೆಯ ಹಿಂಭಾಗ ಕಲ್ಲಿನ ಅಂಚಿಗೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಆದರೆ ಎದ್ದು ಕೂತು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೆನಂತೆ. ಅದನ್ನು ನೋಡಿಯೇ ನಮ್ಮವರು ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಳ್ಳೆಯದೇ ಮಾಡಿದರು. ಪ್ರಜ್ಞೆ ತಪ್ಪದಿದ್ದರೆ ಏನೂ ಆಗಿಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಪೆಟ್ಟಿಗೆ ಮೆದುಳು ಅಲುಗಿ ಅದರ ಕೆಲಸ ಏರುಪೇರಾಗುವುದಕ್ಕೆ ಕನ್ಕಷನ್ ಅನ್ನುತ್ತಾರೆ. ಅದು ಆದ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ.

ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ, ಮೂಳೆ ಬಿರುಕು ಬಿಟ್ಟಿರಲಿಲ್ಲ. ಯಾವುದಕ್ಕೆ ತಕ್ಷಣ ವಾಪಸ್ ಬರಬೇಕು ಅಂತ ಡ್ಯೂಟಿ ಡಾಕ್ಟರ್ ನಮ್ಮವರನ್ನು ಕೂರಿಸಿಕೊಂಡು ಹೇಳಿದರು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಕೈಕಾಲಲ್ಲಿ ಶಕ್ತಿ ಇಲ್ಲದಿರುವುದು, ಮಾತು ತೊದಲುವುದು, ಎಬ್ಬಿಸಿದರೂ ಏಳದಂಥ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು. ತಲೆಗೆ ಪೆಟ್ಟು ಬಿದ್ದವರು ಯಾರೇ ಇರಲಿ, ಮನೆಯವರಿಗೆ ಈ ಪಟ್ಟಿ ಬಾಯಿಪಾಠ ಆಗಿರಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಾದರೆ ಲಕ್ಷಣಕ್ಕಾಗಿ ಕಾಯಲೇಬಾರದು, ಸಣ್ಣ ಪೆಟ್ಟಿಗೂ ತೋರಿಸಬೇಕು.

ಆ ರಾತ್ರಿ ಅತ್ತೆ ನನ್ನನ್ನು ಮಲಗಲು ಬಿಡಲಿಲ್ಲ. "ತಲೆಗೆ ಏಟು ಬಿದ್ದೋರು ನಿದ್ದೆ ಮಾಡ್ಬಾರ್ದು ಕಣಮ್ಮ" ಅಂತ ಪಕ್ಕದಲ್ಲೇ ಕೂತು ಮಾತಾಡಿಸುತ್ತಿದ್ದರು. ಅವರ ಪ್ರೀತಿ ನನಗೆ ಗೊತ್ತು. ಕೊನೆಗೆ ನಮ್ಮವರು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರು. ಡಾಕ್ಟರ್ ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆ ಒಳ್ಳೆಯದೇ, ಮೆದುಳಿಗೆ ಅದು ಬೇಕು ಅಂದರು. ಆಮೇಲೆ ಅತ್ತೆಯೇ ದೀಪ ಆರಿಸಿದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದರೆ ಈ ನೋವು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬಿಡಲೇ ಇಲ್ಲ. ತಿಳಿದುಕೊಂಡಾಗ ಸಮಾಧಾನವಾಯಿತು. ಪೆಟ್ಟು ಬಿದ್ದಾಗ ಮೆದುಳು ಬುರುಡೆಯೊಳಗೆ ಜೋರಾಗಿ ಅಲುಗುತ್ತದೆ. ನರಕೋಶಗಳ ಪೊರೆ ಎಳೆದಾಡಿ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಮತ್ತೆ ಸರಿದೂಗಿಸಲು ಕೋಶಗಳು ಸಿಕ್ಕಾಪಟ್ಟೆ ಗ್ಲೂಕೋಸ್ ಉರಿಸಬೇಕು. ಅದೇ ಹೊತ್ತಿಗೆ ರಕ್ತದ ಹರಿವು ಮಾತ್ರ ಕಡಿಮೆಯಾಗುತ್ತದೆ. ಬೇಡಿಕೆ ಜಾಸ್ತಿ, ಪೂರೈಕೆ ಕಡಿಮೆ. ಇದು ಕೋಶದ ಮಟ್ಟದ ತೊಂದರೆ. ಸಿಟಿ ಸ್ಕ್ಯಾನ್ ಕಾಣುವುದು ರಕ್ತ, ಮೂಳೆ, ಊತ. ನನ್ನ ನೋವನ್ನು ಅದು ಹಿಡಿಯಲಿಲ್ಲ ಅಂದ ಮಾತ್ರಕ್ಕೆ ನೋವು ಸುಳ್ಳಲ್ಲ.

ಕತ್ತಲೆ ಕೋಣೆಯಲ್ಲಿ ಮಲಗಿ, ಎಲ್ಲ ತಾನೇ ಹೋಗುತ್ತೆ ಅಂತ ಎಲ್ಲರೂ ಹೇಳಿದರು. ಮೊದಲ ಒಂದೆರಡು ದಿನ ಸ್ವಲ್ಪ ವಿಶ್ರಾಂತಿ ಸರಿಯೇ. ಮೊಬೈಲು, ಟಿವಿಯಿಂದ ಆಗ ದೂರ ಇದ್ದರೆ ಲಾಭವಿದೆ. ಅಮೆರಿಕದಲ್ಲಿ 12ರಿಂದ 25 ವರ್ಷದವರ ಮೇಲೆ ಮಾಡಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೊದಲ 48 ಗಂಟೆ ಸ್ಕ್ರೀನ್ ಬಿಟ್ಟವರು ಸುಮಾರು 3.5 ದಿನದಲ್ಲಿ ಚೇತರಿಸಿಕೊಂಡರು. ಬಿಡದವರಿಗೆ 8 ದಿನ ಬೇಕಾಯಿತು. ಆದರೆ ಆಮೇಲೂ ಪರದೆ ಎಳೆದುಕೊಂಡು ವಾರಗಟ್ಟಲೆ ಮಲಗಿರಬೇಕು ಅನ್ನುವ ಸಲಹೆಯನ್ನು ವೈದ್ಯಲೋಕವೇ ಈಗ ಕೈಬಿಟ್ಟಿದೆ. ನನಗೆ ಅದು ಗೊತ್ತಾಗುವಷ್ಟರಲ್ಲಿ ವಾರಗಳೇ ಕಳೆದಿದ್ದವು. ಹೆಚ್ಚಿನವರು ಅಷ್ಟರಲ್ಲಿ ಗುಣವಾಗಿಬಿಡುತ್ತಾರೆ. ನನಗೆ ಆಗಲಿಲ್ಲ.

ದಾರಿ ತೋರಿಸಿದ್ದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಆಡಿಯಾಲಜಿಸ್ಟ್, ಅಂದರೆ ಕಿವಿಯ ತೊಂದರೆ ಪರೀಕ್ಷಿಸುವವಳು, ಆದವಳು. ಒಂದು ಸಂಜೆ ನೋಡಿಕೊಂಡು ಹೋಗಲು ಬಂದವಳು, ತಲೆಸುತ್ತು ಅಂದ ಕೂಡಲೇ ಕೇಳಿದಳು: "ಆಂಟಿ, ಮಲಗಿದ್ದಾಗ ಯಾವ ಕಡೆ ತಿರುಗಿದ್ರೆ ಜಾಸ್ತಿ?"

ಅಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಉತ್ತರ ನನ್ನ ಹತ್ತಿರ ಇತ್ತು. ಬಲಗಡೆ.

"ಹಾಗಾದ್ರೆ ಅದು ಕಿವಿದೂ ಇರಬಹುದು ಆಂಟಿ. ಸುಮ್ನೆ ಮಲಗಿ ಕಾಯ್ಬೇಡಿ" ಅಂದಳು. ಬ್ಯಾಲೆನ್ಸ್ ತೊಂದರೆಗೆ ಚಿಕಿತ್ಸೆ ಕೊಡುವ ಒಬ್ಬ ಫಿಸಿಯೋಥೆರಪಿಸ್ಟ್ ನಂಬರು ಅವಳೇ ಕೊಟ್ಟಳು.

ಆ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಫಿಸಿಯೋ ಮೇಡಂ ನನ್ನನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. ಮೊದಲು ಕತ್ತು ಮುಟ್ಟಿ, ತಿರುಗಿಸಿ, ಅಪಾಯವಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಎರಡು ಕೈಯಲ್ಲಿ ತಲೆ ಹಿಡಿದು ಬಲಕ್ಕೆ ಅರ್ಧ ತಿರುಗಿಸಿದರು. "ಕಣ್ಣು ಮುಚ್ಬೇಡಿ ಮೇಡಂ, ಎಷ್ಟೇ ಸುತ್ತಿದ್ರೂ ನನ್ನ ಮೂಗು ನೋಡ್ತಾ ಇರಿ" ಅಂತ ಹೇಳಿ, ಥಟ್ಟನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ, ಅವರ ಅಂಗೈಯಲ್ಲಿ. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಶುರುವಾಯಿತು. ಫ್ಯಾನು, ಗೋಡೆ, ಅವರ ಮುಖ ಎಲ್ಲ ಒಟ್ಟಿಗೆ ತಿರುಗತೊಡಗಿತು. ಅವರ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಗಾಬರಿಯಾಗದೆ ನನ್ನ ಕಣ್ಣುಗುಡ್ಡೆಗಳನ್ನೇ ನೋಡುತ್ತಿದ್ದರು. ನಿಮಿಷದೊಳಗೆ ನಿಂತಿತು.

"ಬಲಗಿವಿನೇ. ಸಿಕ್ತು" ಅಂದರು. ಇಷ್ಟು ದಿನದ ಮೇಲೆ ಯಾರೋ ಒಬ್ಬರು ನನ್ನ ತೊಂದರೆಯನ್ನು ಕಣ್ಣಾರೆ ಕಂಡರಲ್ಲ, ಆ ಖುಷಿಗೆ ನನಗೆ ಅಳು ಬಂತು.

ದೇಹದ ಬ್ಯಾಲೆನ್ಸ್ ನೋಡಿಕೊಳ್ಳುವ ನಮ್ಮ ಒಳಗಿವಿಯಲ್ಲಿ ಸಣ್ಣ ಸಣ್ಣ ಹರಳುಗಳಿವೆ. ಸುಣ್ಣದ ಕಲ್ಲಿನಲ್ಲಿ, ಮೊಟ್ಟೆಯ ಚಿಪ್ಪಿನಲ್ಲಿ ಇರುವ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ತಲೆಗೆ ಪೆಟ್ಟು ಬಿದ್ದಾಗ ಅವು ಜಾಗ ಬಿಟ್ಟು, ತಲೆ ತಿರುಗಿದ್ದನ್ನು ಮೆದುಳಿಗೆ ತಿಳಿಸುವ ಅರ್ಧವೃತ್ತಾಕಾರದ ನಾಳಗಳೊಳಗೆ ಸೇರಿಕೊಳ್ಳುವುದುಂಟು. ಆಗ ತಲೆ ಅಲುಗಿದರೆ ಅವೂ ಉರುಳುತ್ತವೆ. ತಲೆ ನಿಂತರೂ ತಿರುಗುತ್ತಿದೆ ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ. ಹಿಂದಕ್ಕೆ ಮಲಗಿಸಿ ಕಣ್ಣು ನೋಡುವ ಈ ಪರೀಕ್ಷೆಯನ್ನು 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಅನ್ನುವವರು ವಿವರಿಸಿದರು. ಹರಳುಗಳನ್ನು ವಾಪಸ್ ಜಾಗಕ್ಕೆ ಜಾರಿಸುವ ಕ್ರಮವನ್ನು ಅಮೆರಿಕದ ಜಾನ್ ಎಪ್ಲಿ ಅನ್ನುವ ಕಿವಿ ಡಾಕ್ಟರ್ ರೂಪಿಸಿದರು. ಅದರ ವಿವರ 1992ರಲ್ಲಿ ಪ್ರಕಟವಾಯಿತು. ಆ ಮಂಚದ ಮೇಲೇ ಅದೂ ನಡೆಯಿತು. ಅದೇ ಭಂಗಿಯಿಂದ ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರು, ಆಮೇಲೆ ಎಡಮಗ್ಗುಲಿಗೆ ಹೊರಳಿಸಿ ಮೂಗು ನೆಲದ ಕಡೆ ಬರುವ ಹಾಗೆ ಮಾಡಿದರು, ಕೊನೆಗೆ ಎಬ್ಬಿಸಿ ಕೂರಿಸಿದರು. ಪ್ರತಿ ಹಂತದಲ್ಲೂ ಸುತ್ತು ನಿಲ್ಲುವವರೆಗೆ ಕಾಯುವುದು. ಮಾತ್ರೆ ಇಲ್ಲ, ಯಂತ್ರ ಇಲ್ಲ. ಮುಂದಿನ ಸಲ ಮತ್ತೊಮ್ಮೆ ಮಾಡಬೇಕಾಯಿತು. ಅದಾದ ಮೇಲೆ ನಾನು ಬಲಮಗ್ಗುಲಲ್ಲಿ ಮಲಗಿ ನಿದ್ದೆ ಮಾಡಿದೆ. ಇದನ್ನು ವಿಡಿಯೋ ನೋಡಿಕೊಂಡು ಮನೆಯಲ್ಲೇ ಮಾಡಲು ಹೋಗಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಯಾವ ಕಿವಿ, ಯಾವ ನಾಳ ಅಂತ ಮೊದಲು ಗೊತ್ತಾಗಬೇಕು. ಪೆಟ್ಟು ಬಿದ್ದವರ ಕತ್ತನ್ನೂ ಮೊದಲು ಪರೀಕ್ಷಿಸಬೇಕು.

ಸುತ್ತು ನಿಂತರೂ ಓದುವಾಗಿನ ತಲೆನೋವು ಹೋಗಲಿಲ್ಲ. ನನಗೆ ಅತಿ ಮುಖ್ಯವಾಗಿ ಅರ್ಥವಾದದ್ದು ಇಲ್ಲೇ. ಕನ್ಕಷನ್ ಅಂತ ಒಂದೇ ಹೆಸರಿನಲ್ಲಿ ಕರೆಯುವುದರ ಒಳಗೆ ನನಗೆ ಮೂರು ನಾಲ್ಕು ಬೇರೆ ಬೇರೆ ತೊಂದರೆಗಳಿದ್ದವು. ಕಿವಿಯದು ಒಂದು, ಕಣ್ಣಿನದು ಒಂದು, ಕತ್ತಿನದು ಒಂದು. ಒಂದೊಂದಕ್ಕೂ ಬೇರೆ ಉಪಾಯ. ಒಟ್ಟಾರೆ ವಿಶ್ರಾಂತಿ ಅನ್ನುವುದು ಇವು ಯಾವುದನ್ನೂ ಸರಿಮಾಡುತ್ತಿರಲಿಲ್ಲ.

ಕಣ್ಣನ್ನು ನೋಡಿದ್ದು ಒಬ್ಬ ಆಪ್ಟೋಮೆಟ್ರಿಸ್ಟ್. ಪೆನ್ಸಿಲ್ ತುದಿಯನ್ನು ದೂರದಿಂದ ನನ್ನ ಮೂಗಿನ ಕಡೆಗೆ ತರುತ್ತಾ, ಎರಡಾಗಿ ಕಂಡಾಗ ಹೇಳಿ ಅಂದರು. ಸಾಮಾನ್ಯವಾಗಿ ಮೂಗಿನ ಹತ್ತಿರ ಹತ್ತಿರ ಬರುವವರೆಗೂ ಒಂದೇ ಕಾಣುತ್ತದೆ. ನನಗೆ ಒಂದು ಗೇಣು ದೂರದಲ್ಲೇ ಎರಡಾಯಿತು. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗಿ ಒಂದೇ ಕಡೆ ನಿಲ್ಲಬೇಕು. ಆ ಹೊಂದಾಣಿಕೆ ಸಡಿಲವಾಗಿತ್ತು. ಕನ್ನಡಕದ ನಂಬರು ಸರಿಯಾಗೇ ಇತ್ತು, ಹಾಗಾಗಿ ಮಾಮೂಲಿ ಕಣ್ಣಿನ ಪರೀಕ್ಷೆಯಲ್ಲಿ ಇದು ಸಿಕ್ಕಿರಲಿಲ್ಲ.

ಅವರು ಕೊಟ್ಟದ್ದು ಒಂದು ಬಿಳಿ ದಾರ, ಅದರಲ್ಲಿ ಬಣ್ಣದ ಮೂರು ಮಣಿ. ಬ್ರಾಕ್ ಸ್ಟ್ರಿಂಗ್ ಅನ್ನುತ್ತಾರೆ. ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿ ಮೂಗಿನ ತುದಿಗೆ ಹಿಡಿಯಬೇಕು. ಒಂದು ಮಣಿಯನ್ನು ನೋಡಿದಾಗ ದಾರ ಎರಡಾಗಿ ಕಂಡು, ಆ ಮಣಿಯ ಮೇಲೇ ಕತ್ತರಿಯ ಹಾಗೆ ದಾಟಬೇಕು. ದೂರದ ಹಸಿರು ಮಣಿಯಲ್ಲಿ ಸುಲಭವಾಗಿ ದಾಟುತ್ತಿತ್ತು. ಹತ್ತಿರದ ಕೆಂಪು ಮಣಿಗೆ ಬಂದರೆ ದಾಟುವ ಜಾಗ ಮಣಿ ಬಿಟ್ಟು ಹಿಂದೆಲ್ಲೋ ಹೋಗುತ್ತಿತ್ತು. ಹುಬ್ಬಿನ ಮಧ್ಯೆ ನೋವು ಎಳೆಯುತ್ತಿತ್ತು. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು, ಸ್ವಲ್ಪ ಹೊತ್ತು. ಒಂದು ದಿನ ಆ ದಾಟು ಬಂದು ಕೆಂಪು ಮಣಿಯ ಮೇಲೇ ನಿಂತಿತು. ನಮ್ಮವರನ್ನು ಅಡುಗೆಮನೆಯಿಂದ ಕರೆದು ಹೇಳಿದೆ, ಅವರಿಗೆ ಕಾಣದಿದ್ದರೂ.

ಇದರ ಜೊತೆಗೆ ಗೋಡೆಗೆ ಅಂಟಿಸಿದ ಒಂದು "ಕ" ಅಕ್ಷರ. ಅದನ್ನೇ ನೋಡುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಬೇಕು, ಅಕ್ಷರ ಮಸುಕಾಗಬಾರದು. ಮೊದಲು ಕೂತು, ಆಮೇಲೆ ನಿಂತು, ಆಮೇಲೆ ನಡೆಯುತ್ತಾ. ಮಾಡುವಾಗ ಸ್ವಲ್ಪ ಸುತ್ತು ಬರಲೇಬೇಕು, ಆಗಲೇ ಮೆದುಳು ಹೊಂದಿಕೊಳ್ಳುವುದು ಅಂತ ಫಿಸಿಯೋ ಮೇಡಂ ಹೇಳಿದರು. ಅಳತೆಯನ್ನೂ ಕೊಟ್ಟಿದ್ದರು. ತೊಂದರೆಗೆ ಹತ್ತರಲ್ಲಿ ಎಷ್ಟು ಅಂತ ಅಂಕ ಹಾಕಿಕೊಳ್ಳುವುದು. ವ್ಯಾಯಾಮದಿಂದ ಎರಡು ಅಂಕದವರೆಗೆ ಏರಿ, ಒಂದು ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಆವತ್ತಿಗೆ ನಿಲ್ಲಿಸುವುದು. ಈ ಅಳತೆ ನನ್ನ ಭಯವನ್ನು ತೆಗೆಯಿತು. ತಲೆನೋವು ಬಂದ ಕೂಡಲೇ ಮೆದುಳಿಗೆ ಏನೋ ಆಯಿತು ಅಂತ ನಡುಗುವುದು ನಿಂತಿತು.

ಹಿಂದಲೆಯಿಂದ ಹಣೆಗೆ ಬರುವ ನೋವು ಕತ್ತಿನಿಂದಲೇ ಬರುತ್ತಿತ್ತು. ಬಿದ್ದಾಗ ಕತ್ತು ಎಳೆದದ್ದನ್ನು ತಲೆಯ ಗಲಾಟೆಯಲ್ಲಿ ಯಾರೂ ಗಮನಿಸಿರಲಿಲ್ಲ. ಕೈಯಿಂದ ಸಡಿಲಿಸಿದರು, ಗಲ್ಲ ಒಳಗೆಳೆದು ಹಿಡಿಯುವ ಸಣ್ಣ ವ್ಯಾಯಾಮ ಕೊಟ್ಟರು. ನರರೋಗ ತಜ್ಞರು ತಲೆನೋವಿನ ಮಾತ್ರೆಗೆ ಮಿತಿ ಹಾಕಿದರು. ಸಾದಾ ನೋವಿನ ಮಾತ್ರೆಯನ್ನೇ ತಿಂಗಳಿಗೆ 15 ದಿನ, ಅದಕ್ಕಿಂತ ಜಾಸ್ತಿ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಬರುತ್ತದಂತೆ. ಮೆದುಳಿಗೆ ಶಕ್ತಿ ಕೊಡುವ ಟಾನಿಕ್ ಅಂತ ತುಂಬಾ ಜನ ಹೆಸರು ಬರೆದುಕೊಟ್ಟರು. ಕನ್ಕಷನ್ ಗುಣ ಮಾಡುವ ಮಾತ್ರೆ ಅಂತ ಇನ್ನೂ ಯಾವುದೂ ಇಲ್ಲ. ಆ ದುಡ್ಡು ಫಿಸಿಯೋಗೆ ಇಟ್ಟುಕೊಳ್ಳುವುದು ವಾಸಿ.

ಇನ್ನೊಂದು ಔಷಧಿ ನಡಿಗೆ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಮತ್ತವರ ತಂಡ 13ರಿಂದ 18 ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಬಂತು. ಪೆಟ್ಟು ಬಿದ್ದ ಕೆಲವೇ ದಿನಗಳಲ್ಲಿ ನಡಿಗೆಯಂಥ ಮಿತವಾದ ಏರೋಬಿಕ್ ವ್ಯಾಯಾಮ ಶುರುಮಾಡಿದವರು ಸುಮಾರು 13 ದಿನದಲ್ಲಿ, ಬರೀ ಸ್ಟ್ರೆಚಿಂಗ್ ಮಾಡಿದವರು 17 ದಿನದಲ್ಲಿ ಚೇತರಿಸಿಕೊಂಡಿದ್ದರು. ಟ್ರೆಡ್‌ಮಿಲ್ ಮೇಲೆ ನಡೆಸಿ, ಎದೆಬಡಿತ ಎಷ್ಟಕ್ಕೆ ಬಂದರೆ ತಲೆನೋವು ಏರುತ್ತದೆ ಅಂತ ನೋಡುತ್ತಾರೆ. ಆಮೇಲೆ ದಿನಾ ಅದಕ್ಕಿಂತ ಸ್ವಲ್ಪ ಕೆಳಗೇ ನಡೆಯುವುದು. ನನಗೂ ಹಾಗೇ ಲೆಕ್ಕ ಹಾಕಿಕೊಟ್ಟರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಬೆಳಿಗ್ಗೆ ಬಿಸಿಲು ಏರುವ ಮೊದಲು, ನಮ್ಮವರ ಜೊತೆ ನಡೆದೆ. ನಿದ್ದೆ ಸರಿಯಾಗಿದ್ದು, ಸುಮ್ಮಸುಮ್ಮನೆ ರೇಗುವುದು ಕಡಿಮೆಯಾಗಿದ್ದು ಆ ನಡಿಗೆ ಶುರುವಾದ ಮೇಲೆ.

ಆ ಸಲ ದಸರಾ ದೀಪಾಲಂಕಾರ ನೋಡಲು ಹೋಗಲಿಲ್ಲ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತುವ ಆ ಗಳಿಗೆ ನನಗೆ ಚಿಕ್ಕಂದಿನಿಂದ ಪ್ರಾಣ. ಆದರೆ ಅಷ್ಟು ಬೆಳಕು, ಅಷ್ಟು ಜನ ಎರಡನ್ನೂ ತಡೆಯುವ ಹಾಗಿರಲಿಲ್ಲ. ಬೇಜಾರಾಯಿತು, ನಿಜ.

ದಸರಾ ರಜೆ ಮುಗಿದ ಮೇಲೆ ಸ್ಕೂಲಿಗೆ ಮೊದಲು ಅರ್ಧ ದಿನ ಹೋದೆ. ಪಾಠ ಮಾಡುವುದು ಬೇಗ ಒಗ್ಗಿತು. ಉತ್ತರಪತ್ರಿಕೆ ತಿದ್ದುವುದು ತಡವಾಗಿ ಬಂತು, ಹತ್ತಿರದ ಅಕ್ಷರಗಳ ಮೇಲೆ ಕಣ್ಣು ನಿಲ್ಲಿಸುವ ಕೆಲಸವೇ ಕಷ್ಟ. ಎಚ್ಚೆಮ್ ಮೇಡಂ ಕೇಳದೆಯೇ ಕರೆಕ್ಷನ್ ಕೆಲಸವನ್ನು ಬೇರೆಯವರಿಗೆ ಹಂಚಿದರು. ಅದನ್ನೂ ನಾನು ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ಈಗ ಬಹುಪಾಲು ಸರಿಯಾಗಿದ್ದೇನೆ. ಮಿಕ್ಸಿ ಶಬ್ದ ಇನ್ನೂ ಚುಚ್ಚುತ್ತದೆ, ಕತ್ತಿನ ವ್ಯಾಯಾಮ ಇನ್ನೂ ಬಿಟ್ಟಿಲ್ಲ. ಮೊನ್ನೆ ಕಬಡ್ಡಿ ಆಡುವಾಗ ಎಂಟನೇ ಕ್ಲಾಸಿನ ಹುಡುಗನೊಬ್ಬ ಇನ್ನೊಬ್ಬನ ಮೊಣಕಾಲಿಗೆ ತಲೆ ಬಡಿಸಿಕೊಂಡ. ಎದ್ದು ಧೂಳು ಒರೆಸಿಕೊಂಡು, ಏನಿಲ್ಲ ಸಾರ್ ಅಂತ ಮತ್ತೆ ಅಂಕಣಕ್ಕೆ ಹೊರಟ. ನಾನು ಸ್ಟಾಫ್ ರೂಮಿನಿಂದ ಓಡಿಹೋಗಿ ತಡೆದೆ. ಕನ್ಕಷನ್ ಅನುಮಾನ ಬಂದರೆ ಆ ದಿನ ಆಟ ಮುಗಿಯಿತು, ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಬಹಳ ಅಪಾಯ ಅಂತ ಪಿಟಿ ಮೇಷ್ಟ್ರಿಗೆ ಹೇಳಿದೆ. ಅವರು ವಾದ ಮಾಡಲಿಲ್ಲ, ಅವನ ಅಪ್ಪನಿಗೆ ಫೋನ್ ಮಾಡಿದರು. ಮಾರನೇ ದಿನ ಅವರೇ ಬಂದು, "ಮೇಡಂ, ಯಾವ್ಯಾವ ಲಕ್ಷಣ ಇದ್ರೆ ಆಸ್ಪತ್ರೆಗೆ ಕಳಿಸ್ಬೇಕು ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರ್ಕೊಡಿ, ಆಟದ ಸಾಮಾನಿನ ರೂಮಲ್ಲಿ ಅಂಟಿಸ್ತೀನಿ" ಅಂದರು. ಬರೆದುಕೊಟ್ಟಿದ್ದೇನೆ.