ಅಥೆನ್ಸ್ ಮ್ಯಾರಥಾನ್: ನಂದಿ ಬೆಟ್ಟದ ತಯಾರಿ ಇಲ್ಲಿಗೆ ಸಾಲದು

ನವೆಂಬರ್ ಎರಡನೇ ವಾರಾಂತ್ಯದ ಅಥೆನ್ಸ್ ಮ್ಯಾರಥಾನಿನಲ್ಲಿ ಲೆಕ್ಕಾಚಾರ ಕೈಕೊಡುವುದು 10ರಿಂದ 31ನೇ ಕಿಲೋಮೀಟರಿನ ನಡುವೆ. ಓಟ ಶುರುವಾಗುವ ಮ್ಯಾರಥಾನ್ ಊರು ಕಡಲಬದಿಯ ಬಯಲು. ಮೊದಲ 10 ಕಿ.ಮೀ. ಹೆಚ್ಚುಕಡಿಮೆ ಸಪಾಟಾಗಿರುವುದರಿಂದ ಎಲ್ಲರ ಕಾಲೂ ಚುರುಕಾಗುತ್ತದೆ. ಆಮೇಲೆ ಏರು. ನಡುವೆ ಸಣ್ಣ ಇಳಿತಗಳು ಸಿಗುತ್ತವೆ, ಆದರೆ ರಫೀನಾ ದಾಟಿದ ಮೇಲೆ ಪಿಕೆರ್ಮಿ, ಪಲ್ಲೀನಿ ಕಳೆಯುವವರೆಗೂ ರಸ್ತೆ ಉಸಿರು ಬಿಡಲು ಕೊಡುವುದಿಲ್ಲ. 31ರ ಸುಮಾರಿಗೆ ನೆತ್ತಿ, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 240 ಮೀಟರ್.

ಬೆಂಗಳೂರಿನ ಓಟಗಾರರು ನಂದಿ ಬೆಟ್ಟ ಹತ್ತಿ ತಯಾರಾಗುತ್ತಾರೆ. ಅದು ಕಡಿದು, ಬೇಗ ಮುಗಿಯುತ್ತದೆ. ಇಲ್ಲಿಯದು ಕಣ್ಣಿಗೆ ಕಾಣದಷ್ಟು ಮಂದವಾದ, ಮುಗಿಯದ ಏರು. ಟ್ರೆಡ್‌ಮಿಲ್‌ನಲ್ಲಿ 2% ಏರಿಗಿಟ್ಟು ಒಂದೂವರೆ ಗಂಟೆ ಓಡುವುದು ಹೆಚ್ಚು ಉಪಯೋಗ. ಜೊತೆಗೆ ದಣಿದ ಕಾಲಲ್ಲಿ ಇಳಿಜಾರು ಓಡುವ ಅಭ್ಯಾಸವೂ ಬೇಕು: ಕೊನೆಯ 11 ಕಿ.ಮೀ. ಬಹುಪಾಲು ಇಳುಕಲು, ತೊಡೆಯ ಮುಂಭಾಗದ ಸ್ನಾಯು ಹಿಡಿದುಕೊಳ್ಳುವುದು ಅಲ್ಲೇ. 2004ರ ಒಲಿಂಪಿಕ್ಸ್‌ನಲ್ಲಿ ಇದೇ ಹಾದಿಯಲ್ಲಿ ಗೆದ್ದ ಇಟಲಿಯ ಸ್ಟೆಫಾನೋ ಬಾಲ್ದೀನಿಗೇ 2:10:55 ಬೇಕಾಯಿತು. ಸಪಾಟು ರಸ್ತೆಯಲ್ಲಿ ನಾಲ್ಕು ಗಂಟೆ ತೆಗೆದುಕೊಳ್ಳುವವರು 15 ನಿಮಿಷ ಸೇರಿಸಿಕೊಂಡೇ ಹೊರಡಿ.

ಓಟ ಬೆಳಿಗ್ಗೆ 9ಕ್ಕೆ. ಆದರೆ ಅಥೆನ್ಸ್ ನಡುಭಾಗದಿಂದ ಓಟಗಾರರನ್ನು ಒಯ್ಯುವ ಉಚಿತ ಬಸ್ಸುಗಳು ನಸುಕಿನಲ್ಲೇ ಹೊರಡುತ್ತವೆ. ತಪ್ಪಿಸಿಕೊಂಡರೆ ಟ್ಯಾಕ್ಸಿಯನ್ನು ನಂಬಬೇಡಿ, ಓಟದ ರಸ್ತೆ ಮುಚ್ಚಿರುತ್ತದೆ. ಬೇಗ ತಲುಪಿದರೆ ಎರಡು ಗಂಟೆ ಬಯಲಲ್ಲಿ ಚಳಿಗಾಳಿಗೆ ನಿಲ್ಲಬೇಕು. ಬ್ಯಾಗನ್ನು ಓಟ ಮುಗಿಯುವಲ್ಲಿಗೆ ಒಯ್ಯುವ ಲಾರಿಗೆ ಕೊಟ್ಟ ಮೇಲಿನ ಅರ್ಧ ಗಂಟೆಯೇ ಕಷ್ಟದ್ದು. ಬಿಟ್ಟುಬರಬಹುದಾದ ಹಳೇ ಸ್ವೆಟರ್, ಕತ್ತು ತೂರುವಷ್ಟು ತೂತು ಮಾಡಿದ ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ.

5ನೇ ಕಿ.ಮೀ. ಆಸುಪಾಸಿನಲ್ಲಿ ಹಾದಿ ಒಂದು ಸುತ್ತು ಹಾಕುತ್ತದೆ. ಕ್ರಿ.ಪೂ. 490ರಲ್ಲಿ ಪರ್ಷಿಯನ್ನರ ವಿರುದ್ಧ ಇಲ್ಲಿ ನಡೆದ ಮ್ಯಾರಥಾನ್ ಯುದ್ಧದಲ್ಲಿ ಮಡಿದ 192 ಅಥೆನ್ಸ್ ಯೋಧರ ಸಮಾಧಿದಿಬ್ಬ ಅಲ್ಲಿದೆ. ಬದಿಯಲ್ಲಿ ನಿಂತವರು ಆಲಿವ್ ಟೊಂಗೆ ಕೊಡುತ್ತಾರೆ, ತೆಗೆದುಕೊಳ್ಳಿ. ಆದರೆ ಓಡುತ್ತಾ ದಿಬ್ಬ ಕಂಡಂತಾಗುವುದಿಲ್ಲ. ಇನ್ನೊಂದು ದಿನ ಅಥೆನ್ಸಿನ ಪೆದಿಯೋನ್ ತು ಆರೆಯೋಸ್ ಉದ್ಯಾನದ ಬಳಿಯಿಂದ ಹೊರಡುವ ಕಿತ್ತಳೆ ಬಣ್ಣದ ಕೆಟೆಲ್ ಬಸ್ ಹಿಡಿದು ಹೋಗಿ, ಸುಮಾರು 9 ಮೀಟರ್ ಎತ್ತರದ ಆ ಮಣ್ಣಿನ ಗುಪ್ಪೆಯ ಮುಂದೆ ಸುಮ್ಮನೆ ನಿಂತು ಬನ್ನಿ. ಈ ಓಟಕ್ಕೆ ಅರ್ಥ ಬಂದದ್ದು ಅಲ್ಲಿಂದ.

ಮನೆಯವರು ನೋಡಲು ಬಂದಿದ್ದರೆ ಮೆಟ್ರೋದ ನೀಲಿ ಮಾರ್ಗವೇ ಅವರ ಗಾಡಿ. ಅದು ಓಟದ ಮೆಸೊಗಿಯೋನ್ ರಸ್ತೆಯ ಜೊತೆಜೊತೆಗೇ ಸಾಗುತ್ತದೆ. ಎಥ್ನಿಕಿ ಅಮಿನಾ ನಿಲ್ದಾಣದ ಹತ್ತಿರ ಒಮ್ಮೆ ಚಪ್ಪಾಳೆ ತಟ್ಟಿ, ಮತ್ತೆ ರೈಲು ಹತ್ತಿ ಎವಾಂಗೆಲಿಸ್ಮೋಸ್‌ನಲ್ಲಿ ಇಳಿಯಬಹುದು. ಅಲ್ಲಿ ಗಾಜಿನ ಪದರಗಳಿಂದ ಮಾಡಿದ ಓಟಗಾರನ ದೊಡ್ಡ ಪ್ರತಿಮೆ ಇದೆ. ಅದು ಕಂಡರೆ ಅಮೃತಶಿಲೆಯ ಪನಥೆನಾಯಿಕ್ ಕ್ರೀಡಾಂಗಣ ಇನ್ನು ದೂರವಿಲ್ಲ. 1896ರಲ್ಲಿ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದ ಗ್ರೀಸಿನ ಸ್ಪಿರಿಡಾನ್ ಲೂಯಿಸ್ ಓಡಿಬಂದದ್ದು ಅದರೊಳಕ್ಕೇ.

ಕೋಣೆಯ ವಿಚಾರದಲ್ಲಿ ಎರಡೇ ಮಾತು. ಆಕ್ರೊಪೊಲಿಸ್ ಕಾಣುತ್ತದೆಂಬ ಕಿಟಕಿಗೆ ದುಡ್ಡು ಸುರಿಯಬೇಡಿ, ಲಿಫ್ಟ್ ಇದೆಯೇ ಎಂದು ಕೇಳಿ. ಓಟದ ಸಂಜೆ ಮೂರು ಮಹಡಿಯ ಮೆಟ್ಟಿಲೇ ಶಿಕ್ಷೆ. ಮುಂಗಡ ಕಟ್ಟಿದ್ದರೂ ಸರ್ಕಾರದ ಹವಾಮಾನ ಶುಲ್ಕವನ್ನು ರಾತ್ರಿಗಿಷ್ಟು ಎಂದು ಅಲ್ಲೇ ಕೇಳುತ್ತಾರೆ, ಅದು ಮೋಸವಲ್ಲ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಪ್ರವಾಸಿಗರ ಬೀದಿ ಬಿಟ್ಟು, ಬೇಯಿಸಿದ ಅಡುಗೆಯ ಪಾತ್ರೆಗಳನ್ನು ಗಾಜಿನ ಹಿಂದೆ ಸಾಲಾಗಿಟ್ಟ 'ಮಾಗಿರಿಯೋ' ಎಂಬ ಊಟದ ಹೋಟೆಲು ಹುಡುಕಿ. ಬೆರಳು ತೋರಿಸಿದರೆ ಸಾಕು, ಭಾಷೆ ಬೇಡ. ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಅವರೆಯಂಥ ಗಿಗಾಂದೆಸ್, ಹುರುಳಿಕಾಯಿಯ ಫಸೊಲಾಕಿಯಾ, ಬೀನ್ಸ್ ಸಾರಿನಂಥ ಫಸೊಲಾದಾ, ಜೊತೆಗೆ ಬ್ರೆಡ್. ರುಚಿ ನಮ್ಮ ನಾಲಿಗೆಗೆ ಹತ್ತಿರ, ಹೊಟ್ಟೆ ತುಂಬುತ್ತದೆ, ಬೆಲೆ ಪ್ರವಾಸಿಗರ ಬೀದಿಯ ಹೋಟೆಲುಗಳಿಗಿಂತ ಎಷ್ಟೋ ಕಡಿಮೆ. ಆದರೆ ಕಾಳು ಓಟದ ಹಿಂದಿನ ರಾತ್ರಿ ಬೇಡ, ಹೊಟ್ಟೆ ಉಬ್ಬರಿಸುತ್ತದೆ. ಆ ರಾತ್ರಿ ಟೊಮೆಟೊ ಪಾಸ್ತಾ ಸಾಕು. ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು ಕುಲೂರಿ, ಎರಡನ್ನು ಹಿಂದಿನ ದಿನವೇ ಕೊಂಡಿಟ್ಟುಕೊಳ್ಳಿ. ಬಸ್ಸಿನಲ್ಲಿ ಒಂದು, ಮ್ಯಾರಥಾನ್ ತಲುಪಿದ ಮೇಲೆ ಇನ್ನೊಂದು.