ಓಮ್ನಿ ಮೇಲಿನ ಅಡುಗೆ ಕಂಟ್ರಾಕ್ಟರ್

ನಾನು ತಗೊಂಡ ಸೆಕೆಂಡ್ ಹ್ಯಾಂಡ್ ಓಮ್ನಿ ಮೊದಲು ಒಬ್ಬ ಅಡುಗೆ ಕಂಟ್ರಾಕ್ಟರ್ ಹತ್ತಿರ ಇತ್ತು. ಎರಡೂ ಕಡೆ ಸ್ಲೈಡಿಂಗ್ ಡೋರ್ ತುಂಬಾ ಹಳದಿ ಅಕ್ಷರ. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಸಂಪರ್ಕಿಸಿ ಅಂತ. ಕೆಳಗೆ ಫೋನ್ ನಂಬರ್, ಪಕ್ಕದಲ್ಲಿ ಬಾಳೆಎಲೆ ಊಟದ ದೊಡ್ಡ ಚಿತ್ರ. ತಿಪಟೂರಿನಂಥ ಊರಲ್ಲಿ ಇಂಥ ಗಾಡಿ ಓಡಿಸಿದರೆ ಏನಾಗತ್ತೆ ಗೊತ್ತಲ್ವಾ? ಎಪಿಎಂಸಿ ಹತ್ತಿರ ನಿಲ್ಲಿಸಿದರೆ ಸಾಕು, ಯಾರಾದರೂ ಬಂದು "ಒಂದು ಎಲೆಗೆ ಎಷ್ಟು ತಗೋತೀರಾ ಸಾರ್" ಅಂತ ಕೇಳುತ್ತಿದ್ದರು. ಒಬ್ಬರಂತೂ ನಾನು ಅಡುಗೆಯವನಲ್ಲ ಅಂದರೂ ಬಿಡಲಿಲ್ಲ, ಹೋಳಿಗೆ ಇಲ್ಲದೆ ಬರೀ ಪಾಯಸ ಆದರೆ ಎಷ್ಟಾಗತ್ತೆ ಹೇಳಿ ಅಂತ ಚೌಕಾಸಿಗೇ ಇಳಿದರು.

ಒಂದು ಭಾನುವಾರ ಈ ಸ್ಟಿಕ್ಕರ್ ಎಲ್ಲಾ ಕಿತ್ತು ಹಾಕೋಣ ಅಂತ ಕೂತೆ.

ಪಕ್ಕದ ಮನೆ ಅಣ್ಣ ಕಾಂಪೌಂಡ್ ಮೇಲಿಂದಲೇ ಸಲಹೆ ಕೊಟ್ಟರು. "ಥಿನ್ನರ್ ಹಾಕಿ ಒರೆಸಿಬಿಡಿ, ಐದು ನಿಮಿಷದ ಕೆಲಸ." ಎಲ್ಲರೂ ಹೇಳೋದು ಇದನ್ನೇ. ಥಿನ್ನರ್ ಅಂಟನ್ನು ಕರಗಿಸತ್ತೆ ನಿಜ, ಆದರೆ ಅದು ಇರೋದೇ ಪೇಂಟ್ ಕರಗಿಸೋಕೆ. ಕಂಪನಿಯಲ್ಲಿ ಬಿಸಿ ಕೊಟ್ಟು ಗಟ್ಟಿ ಮಾಡಿದ ಪೇಂಟ್ ಆದರೆ ಸ್ವಲ್ಪ ಹೊತ್ತು ತಡೆಯಬಹುದು. ನನ್ನ ಗಾಡಿಯ ಬಲಗಡೆ ಬಾಗಿಲಿಗೆ ಯಾವುದೋ ಟಿಂಕರಿಂಗ್ ಅಂಗಡಿಯಲ್ಲಿ ಮತ್ತೆ ಪೇಂಟ್ ಹೊಡೆಸಿದ್ದರು. ಬಾಗಿಲು ತೆಗೆದು ಒಳಗಿನ ಅಂಚಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ಉಜ್ಜಿ ನೋಡಿದೆ. ಬಟ್ಟೆ ಕೆಂಪಗಾಯಿತು, ಉಜ್ಜಿದ ಜಾಗ ಮೆತ್ತಗಾಗಿ ಬೆರಳಿಗೆ ಅಂಟಿತು. ಬಾಟಲಿ ಮುಚ್ಚಳ ಹಾಕಿ ಅಣ್ಣನಿಗೆ ಬಟ್ಟೆ ತೋರಿಸಿದೆ. ಅವರು ಪೇಪರ್ ಓದೋಕೆ ಶುರು ಮಾಡಿದರು.

ಸ್ಟಿಕ್ಕರ್ ಕೀಳೋಕೆ ಮೊದಲು ಬೇಕಿರೋದು ಬಿಸಿ. ತಂಗಿಯ ಹೇರ್ ಡ್ರೈಯರ್ ತಂದೆ. ಅಂಗಡಿಯವರು ಹೀಟ್ ಗನ್ ಬಾಡಿಗೆಗೆ ಕೊಡುತ್ತೇನೆ ಅಂದಿದ್ದರು, ಬೇಡ ಅಂದೆ. ಅದು ಮುನ್ನೂರು ಡಿಗ್ರಿ ಮೇಲೂ ಹೋಗತ್ತೆ, ಒಂದೇ ಕಡೆ ಹಿಡಿದರೆ ಪೇಂಟ್ ಗುಳ್ಳೆ ಏಳತ್ತೆ. ಹೇರ್ ಡ್ರೈಯರ್‌ನಲ್ಲಿ ಆ ಭಯ ಕಡಿಮೆ. ಕೈ ಇಟ್ಟರೆ ತಡೆಯೋಕಾಗುತ್ತೆ ಆದರೆ ಜಾಸ್ತಿ ಹೊತ್ತು ಇಡೋಕಾಗಲ್ಲ ಅನ್ನೋಷ್ಟು ಬಿಸಿ ಆದರೆ ಸಾಕು, ಅಂಟು ಸಡಿಲ ಆಗತ್ತೆ. ಮೂಲೆಯಲ್ಲಿ ಉಗುರು ತೂರಿಸಿ ಎಬ್ಬಿಸಿ, ಆಮೇಲೆ ನಿಮ್ಮ ಕಡೆಗೆ ನೇರ ಎಳೆಯಬಾರದು. ಸ್ಟಿಕ್ಕರನ್ನು ಅದರ ಮೇಲೇ ಮಡಚಿದ ಹಾಗೆ, ಬಾಗಿಲಿಗೆ ಒತ್ತಿಕೊಂಡೇ ನಿಧಾನ ಎಳೀಬೇಕು. ಅವಸರ ಮಾಡಿದರೆ ಮೇಲಿನ ಹಾಳೆ ಬರತ್ತೆ, ಅಂಟೆಲ್ಲ ಅಲ್ಲೇ ಉಳಿಯತ್ತೆ.

ಎಡಗಡೆ ಬಾಗಿಲು ಹೇಳಿದ ಮಾತು ಕೇಳಿತು. ಬಾಳೆಎಲೆ ಒಂದೇ ಹಾಳೆಯಲ್ಲಿ ಪ್ರಿಂಟ್ ಆಗಿತ್ತು, ಅನ್ನ ಸಾರು ಉಪ್ಪಿನಕಾಯಿ ಸಮೇತ ಸುಲಿದು ಬಂತು. ಅಕ್ಷರಗಳೆಲ್ಲ ರೇಡಿಯಂ ಅಂಗಡಿಯಲ್ಲಿ ಬೇರೆ ಬೇರೆ ಕಟ್ ಮಾಡಿಸಿದ್ದು. ಪ್ರತಿ ಒತ್ತು, ಪ್ರತಿ ಕೊಂಬು ಬಿಡಿಬಿಡಿಯಾಗಿ ಎಬ್ಬಿಸಬೇಕು. 'ಸಂಪರ್ಕಿಸಿ' ಅನ್ನೋದರ ಅರ್ಕಾವತ್ತು ತೆಗೆಯೋಷ್ಟರಲ್ಲಿ ಕಾಫಿ ಆರಿಹೋಯಿತು.

ಬಲಗಡೆ ಕಥೆಯೇ ಬೇರೆ. ಕಂಟ್ರಾಕ್ಟರ್ ಮನೆ ಮುಂದೆ ಗಾಡಿ ನಿಲ್ಲಿಸುತ್ತಿದ್ದ ರೀತಿಗೆ ಆ ಕಡೆಗೆ ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು. ವಿನೈಲ್ ಮೆತ್ತಗಿರೋಕೆ ಅದರೊಳಗೆ ಒಂದು ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದರೆ ಅದು ಹೋಗಿಬಿಡತ್ತೆ. ಉಳಿಯೋದು ಹಪ್ಪಳ. ಉಗುರು ಇಟ್ಟ ಕಡೆ ಚೂರಾಗಿ ಉದುರಿತು. ಹಳೇ ಎಟಿಎಂ ಕಾರ್ಡ್ ಅಂಚಿನಲ್ಲಿ ಕೆರೆದು ಕೆರೆದು ತೆಗೆದೆ. ಬ್ಲೇಡ್ ಬಳಸಿದ್ದು ಗಾಜಿಗೆ ಮಾತ್ರ, ಅದೂ ಸೋಪಿನ ನೀರು ಹಾಕಿ. ಪೇಂಟ್ ಮೇಲೆ ಬ್ಲೇಡ್ ಇಟ್ಟರೆ ಅಕ್ಷರ ಹೋಗಿ ಗೀರು ಬರತ್ತೆ, ಅಷ್ಟೇ ಲಾಭ.

ಇಷ್ಟಾದ ಮೇಲೂ ಅಂಟು ಉಳಿಯತ್ತೆ. ಕಂದುಹಳದಿ ಬಣ್ಣ, ಮೇಲೆ ಧೂಳು, ಮುಟ್ಟಿದರೆ ನೂಲು ನೂಲಾಗಿ ಬರತ್ತೆ. ಪೆಟ್ರೋಲ್ ಹಾಕಿದರೆ ಅಂಟು ನೆನೆಯೋ ಮೊದಲೇ ಹಾರಿಹೋಗತ್ತೆ, ಬೆಂಕಿ ಭಯ ಬೇರೆ. ತಿಪಟೂರಲ್ಲಿ ಕೂತು ನಾನು ಯಾಕೆ ಅದೆಲ್ಲ ಹುಡುಕಲಿ? ಕೊಬ್ಬರಿ ಎಣ್ಣೆ ತಂದೆ. ಡಿಸೆಂಬರ್ ಬೆಳಗ್ಗೆ ಅದು ಬಾಟಲಿಯಲ್ಲೇ ಗಟ್ಟಿಯಾಗಿತ್ತು, 24 ಡಿಗ್ರಿ ಸುತ್ತಮುತ್ತ ಹೆಪ್ಪುಗಟ್ಟೋ ಎಣ್ಣೆ ಅದು, ಬಿಸಿಲಿಗಿಟ್ಟು ಕರಗಿಸಿದೆ. ಹಳೇ ಬನಿಯನ್ ತುಂಡನ್ನು ಎಣ್ಣೆಯಲ್ಲಿ ಅದ್ದಿ ಅಂಟಿನ ಮೇಲೆ ಅಂಟಿಸಿ ಅರ್ಧ ಗಂಟೆ ಬಿಟ್ಟೆ. ಬಟ್ಟೆ ತೆಗೆದಾಗ ಅಂಟು ಉಬ್ಬಿ ಮೆತ್ತಗಾಗಿತ್ತು. ಹೆಬ್ಬೆರಳಲ್ಲಿ ಉಜ್ಜಿದರೆ ಸಣ್ಣ ಸಣ್ಣ ಉಂಡೆಯಾಗಿ ಉರುಳಿಕೊಂಡು ಬಂತು. ಇಡೀ ದಿನದಲ್ಲಿ ನನಗೆ ಖುಷಿ ಕೊಟ್ಟ ಕೆಲಸ ಇದೊಂದೇ. ಹಟ ಹಿಡಿದ ಕಡೆ ತುಕ್ಕು ಬಿಡಿಸೋಕೆ ಬಳಸೋ ಡಬ್ಲ್ಯೂಡಿ-40 ಸ್ಪ್ರೇ ಮಾಡಿದೆ, ಅದು ಇನ್ನೂ ಬೇಗ. ಕೊನೆಗೆ ಪಾತ್ರೆ ತೊಳೆಯೋ ಸೋಪಿನಿಂದ ಎಣ್ಣೆ ಜಿಡ್ಡೆಲ್ಲ ತೊಳೀಬೇಕು, ಇಲ್ಲಾಂದ್ರೆ ಆಮೇಲೆ ಹಾಕೋ ಪಾಲಿಷ್ ಹಿಡಿಯಲ್ಲ.

ಹಿಂದಿನ ಗಾಜಿನ ಮೇಲಿದ್ದ 'ತಂದೆ ತಾಯಿ ಆಶೀರ್ವಾದ'ಕ್ಕೆ ಬ್ಲೇಡ್ ಇಟ್ಟಾಗ ಅಮ್ಮ ಹೊರಗೆ ಬಂದರು. "ಅದನ್ನ ಯಾಕೋ ಕೀಳ್ತೀಯ? ಅವರಿಗೆ ಮಾತ್ರನಾ ಅಪ್ಪ ಅಮ್ಮ ಇರೋದು?" ಅದು ಉಳಿಯಿತು.

ತೊಳೆದು ಒರೆಸಿದ ಮೇಲೆ ನೋಡಿದರೆ ಎಡಗಡೆ ಬಾಗಿಲಲ್ಲಿ ಅದೇ ಅಕ್ಷರಗಳು, ಈಗ ಕಡು ಕೆಂಪಲ್ಲಿ. ಸ್ಟಿಕ್ಕರ್ ಕೆಳಗಿದ್ದ ಪೇಂಟ್ ಹೊಸದರ ಹಾಗೆ ಉಳಿದಿತ್ತು, ಸುತ್ತ ಇದ್ದದ್ದು ಮಂಕಾಗಿತ್ತು. ಇದಕ್ಕೆ ಯಾವ ಎಣ್ಣೆಯೂ ಇಲ್ಲ. ಮಂಕಾದ ಮೇಲ್ಪದರವನ್ನೇ ರಬ್ಬಿಂಗ್ ಕಾಂಪೌಂಡ್ ಹಾಕಿ ತೆಳ್ಳಗೆ ಉಜ್ಜಿ ತೆಗೀಬೇಕು, ಮೇಲೆ ವ್ಯಾಕ್ಸ್. ಭುಜ ನೋಯೋವರೆಗೂ ಉಜ್ಜಿದೆ. ದೊಡ್ಡ ಅಕ್ಷರಗಳು ಸುಮಾರಾಗಿ ಬೆರೆತವು. ಫೋನ್ ನಂಬರ್ ಮಾತ್ರ ಓರೆಯಾಗಿ ನಿಂತು ನೋಡಿದರೆ ಈಗಲೂ ಓದಬಹುದು.

ಟಿಂಕರಿಂಗ್‌ನವರು ಎರಡೂ ಬಾಗಿಲಿಗೆ ಪೇಂಟ್ ಹೊಡೆದುಬಿಡೋಣ ಸಾರ್ ಅಂದರು. ರೇಟ್ ಕೇಳಿ ವಾಪಸ್ ಬಂದೆ. ಆ ದುಡ್ಡಿಗೆ ಹಿಂದಿನ ಎರಡು ಟಯರ್ ಹಾಕಿಸಿದ್ದೇನೆ.